140 ಮೆಗಾಪಾಸ್ಕಲ್ ಕಲ್ಲು ಉದುರುವುದೇಕೆ?

ಪ್ರಶ್ನೆ: ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷಗಳಿಂದ ಒಂದು ನೀರಾವರಿ ಸುರಂಗದ ಕಾಮಗಾರಿಯಲ್ಲಿದ್ದೇನೆ. ಸುರಂಗ ನೆಲಮಟ್ಟದಿಂದ ಸುಮಾರು 120 ಮೀಟರ್ ಆಳದಲ್ಲಿದೆ. ಕಲ್ಲು ನೈಸ್ ಎಂಬ ಗಟ್ಟಿ ಪಟ್ಟೆ ಶಿಲೆ. ಪ್ರಯೋಗಾಲಯದ ವರದಿಯಲ್ಲಿ ಅದರ ಶಕ್ತಿ, ಎಂದರೆ ಒಡೆಯದೆ ತಾಳುವ ಒತ್ತಡ, 140 ಮೆಗಾಪಾಸ್ಕಲ್ ಎಂದಿದೆ. ನಮ್ಮ ಲೆಕ್ಕದ ಪ್ರಕಾರ ಆಸರೆಯೇ ಬೇಕಾಗಿಲ್ಲ. ಆದರೂ ಚಾವಣಿಯಿಂದ ಕಲ್ಲು ಕಳಚಿ ಬೀಳುತ್ತಿದೆ. ನಮ್ಮ ಭೂವಿಜ್ಞಾನಿ ‘ಇಲ್ಲಿ ಮೂರು ದಿಕ್ಕಿನ ಬಿರುಕುಗಳಿವೆ, ಮೊದಲೇ ಬರೆದುಕೊಟ್ಟಿದ್ದೆ’ ಎನ್ನುತ್ತಾರೆ. ವಿನ್ಯಾಸದವರು ‘ಲೆಕ್ಕ ಸರಿಯಾಗಿಯೇ ಇದೆ’ ಎನ್ನುತ್ತಾರೆ. ಯಾರನ್ನು ನಂಬಬೇಕು? ಭೂವಿಜ್ಞಾನಕ್ಕೂ ಜಿಯೋಮೆಕ್ಯಾನಿಕ್ಸ್‌ಗೂ ನಿಜವಾದ ಸಂಬಂಧ ಏನು? ಸಾಫ್ಟ್‌ವೇರ್ ಇರುವಾಗ ಸುರಂಗದೊಳಗೆ ನಿಂತು ನಕ್ಷೆ ಬರೆಯುವ ಕೆಲಸ ಇನ್ನೂ ಬೇಕೇ?

ಉತ್ತರ: ಮೊದಲು ತುರ್ತಿನ ಮಾತು. ಸಡಿಲವಾದ ಕಲ್ಲನ್ನು ಕೆಡವಿ, ಬೋಲ್ಟ್ (ಕಲ್ಲಿನೊಳಗೆ ಬೆಸೆಯುವ ಉಕ್ಕಿನ ಸರಳು) ಹಾಕುವವರೆಗೆ ಆ ಚಾವಣಿಯ ಕೆಳಗೆ ಯಾರನ್ನೂ ನಿಲ್ಲಿಸಬೇಡಿ. ಈ ವಾದ ತೀರ್ಮಾನವಾಗಲಿ ಎಂದು ಅದಕ್ಕಾಗಿ ಕಾಯಬೇಡಿ.

ಇನ್ನು ನಿಮ್ಮ ಪ್ರಶ್ನೆ. ಇಬ್ಬರನ್ನೂ ನಂಬಿ. ಲೆಕ್ಕವೂ ಸರಿ, ಬಿರುಕಿನ ಮಾತೂ ಸರಿ. ಯಾವ ಲೆಕ್ಕ ಹಾಕಬೇಕು ಎಂದು ಗೊತ್ತುಮಾಡಿಕೊಳ್ಳುವ ಮೊದಲೇ ನಿಮ್ಮಲ್ಲಿ ಲೆಕ್ಕ ಹಾಕಿಬಿಟ್ಟಿದ್ದಾರೆ, ತೊಡಕು ಅಲ್ಲಿದೆ. ಒಂದು ಜಾಗದ ಕಲ್ಲು ಯಾವ ರೀತಿಯಲ್ಲಿ ಸೋಲಬಹುದು ಎಂದು ಹೇಳುವುದು ಭೂವಿಜ್ಞಾನ. ಹಾಗೆ ಸೋಲಲು ಎಷ್ಟು ಬಲ ಸಾಕು, ತಡೆಯಲು ಎಷ್ಟು ಬಲ ಬೇಕು ಎಂದು ಹೇಳುವುದು ಜಿಯೋಮೆಕ್ಯಾನಿಕ್ಸ್. ಮೊದಲನೆಯದನ್ನು ಕೇಳದೆ ಎರಡನೆಯದಕ್ಕೆ ಹೋದರೆ, ನಿಮಗೆ ಸಿಕ್ಕಿರುವಂತಹ ಉತ್ತರ ಸಿಗುತ್ತದೆ: ದಶಾಂಶದವರೆಗೂ ಸರಿ, ಆದರೆ ನಿಮ್ಮ ಸುರಂಗಕ್ಕೆ ಸಂಬಂಧಿಸಿದ್ದಲ್ಲ.

ನಿಮ್ಮ ಅಂಕಿಗಳನ್ನೇ ತೆಗೆದುಕೊಳ್ಳೋಣ. ಒಂದು ಘನ ಮೀಟರ್ ನೈಸ್ ಸುಮಾರು 2.7 ಟನ್ ತೂಗುತ್ತದೆ. ಹಾಗಾಗಿ 120 ಮೀಟರ್ ಆಳದಲ್ಲಿ ಮೇಲಿನ ಕಲ್ಲಿನ ಹೊರೆ ಸುಮಾರು 3.2 ಮೆಗಾಪಾಸ್ಕಲ್. ಸುರಂಗ ತೋಡಿದಾಗ, ಅದುವರೆಗೆ ಆ ಜಾಗದ ಕಲ್ಲು ಹೊತ್ತಿದ್ದ ಹೊರೆ ಅಕ್ಕಪಕ್ಕಕ್ಕೆ ಸರಿಯುತ್ತದೆ. ರಂಧ್ರದ ಅಂಚಿನಲ್ಲಿ ಒತ್ತಡ ಎಷ್ಟು ಏರುತ್ತದೆ ಎಂಬುದನ್ನು ಕಿರ್ಶ್ ಎಂಬ ಜರ್ಮನ್ ಎಂಜಿನಿಯರ್ 1898ರಲ್ಲೇ ಬಿಡಿಸಿಟ್ಟಿದ್ದಾರೆ. ನಮ್ಮ ಪ್ರಾಚೀನ ಶಿಲೆಗಳಲ್ಲಿ ಹೆಚ್ಚು ಆಳವಿಲ್ಲದ ಕಡೆ ಅಡ್ಡ ಒತ್ತಡವೇ ಮೇಲಿನ ಹೊರೆಗಿಂತ ಹೆಚ್ಚಿರುವುದುಂಟು. ಅದನ್ನು ಎರಡು ಪಟ್ಟು ಎಂದು ಹಿಡಿದರೂ ನಿಮ್ಮ ಚಾವಣಿಯ ಕಲ್ಲಿನ ಮೇಲೆ ಬೀಳುವುದು ಸುಮಾರು 16 ಮೆಗಾಪಾಸ್ಕಲ್. ಕಲ್ಲಿನ ಶಕ್ತಿ 140. ಪುಡಿಯಾಗುವ ಮಾತೇ ಇಲ್ಲ. ವಿನ್ಯಾಸದವರು ಹೇಳುತ್ತಿರುವುದು ಇದನ್ನೇ.

ಆದರೆ ನಿಮ್ಮಲ್ಲಿ ಬೀಳುತ್ತಿರುವ ಕಲ್ಲು ಪುಡಿಯಾಗಿ ಬೀಳುತ್ತಿಲ್ಲ. ಇಡಿಯಾಗಿ ಕಳಚಿಕೊಂಡು ಬೀಳುತ್ತಿದೆ. ಹಳ್ಳಿಯ ಹೊಲದ ಬದುವಿನಲ್ಲಿ ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆಯನ್ನು ನೆನಪಿಸಿಕೊಳ್ಳಿ. ಅದರ ಒಂದೊಂದು ಕಲ್ಲೂ ಆನೆ ನಿಂತರೂ ಒಡೆಯದಷ್ಟು ಗಟ್ಟಿ. ಬುಡದಿಂದ ಒಂದನ್ನು ಎಳೆದರೆ ಮೇಲಿನವು ಜಾರಿ ಬರುತ್ತವೆ. ಅಲ್ಲಿ ಕಲ್ಲಿನ ಗಟ್ಟಿತನದ ಪ್ರಶ್ನೆಯೇ ಏಳುವುದಿಲ್ಲ. ಕಲ್ಲು ಕಲ್ಲಿನ ನಡುವಿನ ಸಂದು, ಅದರ ವಾಲಿಕೆ, ಅದರೊಳಗಿನ ಮಣ್ಣು, ಇವೇ ಎಲ್ಲವನ್ನೂ ತೀರ್ಮಾನಿಸುತ್ತವೆ. ಮೂರು ದಿಕ್ಕಿನ ಬಿರುಕುಗಳು ಚಾವಣಿಯಲ್ಲಿ ಸಂಧಿಸಿದರೆ ಬುಡ ಕೆಳಗಾದ ಗೋಪುರದ ಆಕಾರದ ತುಂಡೊಂದು ಬೇರ್ಪಡುತ್ತದೆ. ಬುಡ ನಾಲ್ಕು ಚದರ ಮೀಟರ್, ಎತ್ತರ ಒಂದೂವರೆ ಮೀಟರ್ ಇದ್ದರೆ ಅದರ ತೂಕ ಐದು ಟನ್ ದಾಟುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಕಷ್ಟವೇನಲ್ಲ. ಸರಿಯಾಗಿ ಬೆಸೆದ 25 ಮಿಲಿಮೀಟರ್ ದಪ್ಪದ ಒಂದು ಉಕ್ಕಿನ ಬೋಲ್ಟ್ ಹತ್ತು ಟನ್‌ಗಿಂತ ಹೆಚ್ಚು ತಾಳುತ್ತದೆ. ಆದರೆ ಆ ತುಂಡು ಎಲ್ಲಿದೆ, ಯಾವ ಕಡೆಗೆ ಜಾರುತ್ತದೆ, ಬೋಲ್ಟ್ ಯಾವ ಬಿರುಕನ್ನು ದಾಟಿ ಹೋಗಬೇಕು? ಇವಕ್ಕೆ ಉತ್ತರ ಇರುವುದು ನಿಮ್ಮ ಭೂವಿಜ್ಞಾನಿಯ ನಕ್ಷೆಯಲ್ಲಿ ಮಾತ್ರ.

ಚಿಕ್ಕಬಳ್ಳಾಪುರದ ಕಡೆ ಕಲ್ಲು ಒಡೆಯುವವರನ್ನು ಒಮ್ಮೆ ನಿಂತು ನೋಡಿ. ಬಂಡೆಯ ಮೇಲೆ ಕೈಯಾಡಿಸಿ, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ, ಕಲ್ಲು ಯಾವ ಕಡೆಗೆ ಸೀಳುತ್ತದೆ ಎಂದು ಮೊದಲು ಗೊತ್ತುಮಾಡಿಕೊಳ್ಳುತ್ತಾರೆ. ಆಮೇಲೆ ಆ ಗೆರೆಯುದ್ದಕ್ಕೂ ಸಣ್ಣ ಕುಳಿಗಳನ್ನು ಹೊಡೆದು ಬೆಣೆ ಇಳಿಸುತ್ತಾರೆ. ಗೆರೆ ಸರಿಯಾಗಿದ್ದರೆ ಆಳೆತ್ತರದ ಚಪ್ಪಡಿ ನಾಲ್ಕಾರು ಏಟಿಗೆ ಬಿಟ್ಟುಕೊಳ್ಳುತ್ತದೆ. ಗೆರೆ ತಪ್ಪಿದರೆ ದಿನವಿಡೀ ಹೊಡೆದರೂ ಚೂರು ಹಾರುತ್ತದೆಯೇ ಹೊರತು ಚಪ್ಪಡಿ ಬರುವುದಿಲ್ಲ. ಒಂದೇ ಬಂಡೆಗೆ ಒಂದು ದಿಕ್ಕಿನಲ್ಲಿ ಒಂದು ಶಕ್ತಿ, ಇನ್ನೊಂದು ದಿಕ್ಕಿನಲ್ಲಿ ಇನ್ನೊಂದು. ನಿಮ್ಮ ವರದಿಯ 140 ಇದರಲ್ಲಿ ಯಾವ ದಿಕ್ಕಿನದು ಎಂದು ವರದಿ ಬರೆದವರನ್ನು ಕೇಳಿ.

ಇನ್ನೂ ಒಂದನ್ನು ಕೇಳಬೇಕು: ಆ 140 ಬಂದದ್ದು ಯಾವ ತುಂಡಿನಿಂದ? ನಾನು ಕೆಲಸ ಕಲಿತದ್ದು ಕೋರ್ (ನೆಲ ಕೊರೆದು ತೆಗೆದ ಕಲ್ಲಿನ ಕೊಂತ) ಪೆಟ್ಟಿಗೆಗಳ ಮುಂದೆ ಕುಳಿತು, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಂದೂವರೆ ಮೀಟರ್ ಕೊರೆದು ಕೋರ್ ಮೇಲೆತ್ತಿದ್ದಾರೆ ಎಂದುಕೊಳ್ಳಿ. ಪೆಟ್ಟಿಗೆಯಲ್ಲಿ ಜೋಡಿಸಿದಾಗ ಸಿಕ್ಕಿದ್ದು 120 ಸೆಂಟಿಮೀಟರ್. ಅದರಲ್ಲಿ 30, 25, 20, 18, 12 ಸೆಂಟಿಮೀಟರಿನ ಐದು ಒಳ್ಳೆಯ ತುಂಡುಗಳು, ಉಳಿದದ್ದು ಚೂರು. ಹತ್ತು ಸೆಂಟಿಮೀಟರ್ ಮತ್ತು ಅದಕ್ಕಿಂತ ಉದ್ದದ ತುಂಡುಗಳನ್ನು ಕೂಡಿಸಿ, ಕೊರೆದ ಉದ್ದದಿಂದ ಭಾಗಿಸಿದರೆ ಶೇಕಡಾ 70. ಇದೇ ಆರ್‌ಕ್ಯೂಡಿ, ಎಂದರೆ ಕಲ್ಲಿನ ಗುಣಮಟ್ಟದ ಸೂಚಿ. ‘ಮಧ್ಯಮ ದರ್ಜೆ’ ಎಂದು ಬರೆದು ಪೆಟ್ಟಿಗೆ ಮುಚ್ಚುತ್ತಾರೆ. ಪ್ರಯೋಗಾಲಯಕ್ಕೆ ಹೋಗುವುದು ಆ 30 ಸೆಂಟಿಮೀಟರಿನ ತುಂಡು, ಏಕೆಂದರೆ ಎಲ್ಲಕ್ಕಿಂತ ಉದ್ದವಾದ, ಇಡಿಯಾದ ತುಂಡು ಅದೇ. ಸಿಗದೆ ಹೋದ ಇನ್ನೊಂದು 30 ಸೆಂಟಿಮೀಟರ್ ಎಲ್ಲಿ? ಅದರ ಜಾಗದಲ್ಲಿ ಕೊರೆಯುವವರು ಒಂದು ಮರದ ತುಂಡು ಇಟ್ಟಿರುತ್ತಾರೆ.

ನನ್ನ ಕೆಲಸದ ಆರಂಭದ ವರ್ಷಗಳಲ್ಲಿ ಒಂದು ಸುರಂಗದಲ್ಲಿ ಇಂಥದೇ ಮರದ ತುಂಡನ್ನು ನಾನು ದಾಟಿ ಹೋದೆ. ಕೊರೆಯುವಾಗ ನೀರಿನ ರಭಸಕ್ಕೆ ಕೊಚ್ಚಿಹೋದದ್ದು ಜೇಡಿಮಣ್ಣಿನ ಪದರ. ಗಟ್ಟಿ ಕಲ್ಲು ಕೊಚ್ಚಿಹೋಗುವುದಿಲ್ಲವಲ್ಲ. ಅಕ್ಕಪಕ್ಕದ ಎರಡು ಕೊರೆಬಾವಿಗಳ ಪೆಟ್ಟಿಗೆಗಳಲ್ಲೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ಮರದ ತುಂಡುಗಳಿದ್ದವು. ಮೂರನ್ನೂ ಒಂದು ಕಾಗದದ ಮೇಲೆ ಸೇರಿಸಿ ಗೆರೆ ಎಳೆದಿದ್ದರೆ ಸುರಂಗವನ್ನು ಓರೆಯಾಗಿ ಕತ್ತರಿಸುವ ಒಂದು ಪದರ ಎದ್ದು ಕಾಣುತ್ತಿತ್ತು. ನಾವು ಮೂರರ ಸರಾಸರಿ ತೆಗೆದೆವು. ಕೆಲವು ತಿಂಗಳ ನಂತರ ಒಂದು ಬೆಳಗಿನ ಜಾವ ಪಾಳಿ ಬದಲಾಗುವ ಹೊತ್ತಿನಲ್ಲಿ ಆ ಪದರದ ಮೇಲಿನ ಕಲ್ಲು ಒಟ್ಟಾಗಿ ಜಾರಿತು. ಒಳಗೆ ಯಾರೂ ಇರಲಿಲ್ಲ. ಅಂದಿನಿಂದ ಪೆಟ್ಟಿಗೆ ತೆರೆದಾಗ ಕಲ್ಲಿಗಿಂತ ಮೊದಲು ಮರವನ್ನು ನೋಡುತ್ತೇನೆ.

ಕೊರೆಬಾವಿಗೆ ಇನ್ನೊಂದು ಕುರುಡಿದೆ. ನೇರ ಕೆಳಗೆ ಕೊರೆದರೆ ಮಲಗಿರುವ ಬಿರುಕುಗಳೆಲ್ಲ ಸಿಗುತ್ತವೆ, ನಿಂತಿರುವ ಬಿರುಕುಗಳು ತಪ್ಪಿಸಿಕೊಳ್ಳುತ್ತವೆ. ಈ ಪಕ್ಷಪಾತವನ್ನು ಲೆಕ್ಕದಲ್ಲಿ ಸರಿಪಡಿಸುವ ಕ್ರಮವನ್ನು 1965ರಲ್ಲಿ ತೋರಿಸಿಕೊಟ್ಟವರು ರೂತ್ ಟೆರ್ಜಾಗಿ. ಅವರು ಭೂವಿಜ್ಞಾನಿ. ಅವರ ಪತಿ ಕಾರ್ಲ್ ಟೆರ್ಜಾಗಿ ಮಣ್ಣಿನ ಯಂತ್ರಶಾಸ್ತ್ರಕ್ಕೆ ಅಡಿಪಾಯ ಹಾಕಿದವರು. ಅಣೆಕಟ್ಟಿನ ಸುರಕ್ಷತೆ ನೆಲದೊಳಗಿನ ಚಿಕ್ಕ ಚಿಕ್ಕ ಭೂವೈಜ್ಞಾನಿಕ ವಿವರಗಳ ಮೇಲೆ ನಿಂತಿರುತ್ತದೆ ಎಂದು ಕಾರ್ಲ್ 1929ರಷ್ಟು ಹಿಂದೆಯೇ ಬರೆದಿದ್ದರು. ನೀವು ಕೇಳಿದ ಸಂಬಂಧ ಒಂದು ಮನೆಯೊಳಗೇ ಇತ್ತು ಎಂಬುದು ನನಗೆ ಬಹಳ ಇಷ್ಟದ ಸಂಗತಿ.

ಇಷ್ಟು ಹೇಳಿದ ಮೇಲೆ, ಕಲ್ಲಿನ ಶಕ್ತಿಯ ಅಂಕಿಗೆ ಬೆಲೆಯೇ ಇಲ್ಲ ಎಂದುಕೊಳ್ಳಬೇಡಿ. ಅದೇ ಕಲ್ಲನ್ನು ಮೂರು ಕಿಲೋಮೀಟರ್ ಆಳಕ್ಕೆ ಒಯ್ಯಿರಿ. ಮೇಲಿನ ಹೊರೆ ಈಗ ಸುಮಾರು 80 ಮೆಗಾಪಾಸ್ಕಲ್, ಎಂದರೆ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದು ಸಣ್ಣ ಕಾರಿನ ಭಾರ. ಎಲ್ಲ ಕಡೆಯಿಂದಲೂ ಒತ್ತಡ ಸಮನಾಗಿದ್ದರೂ ರಂಧ್ರದ ಅಂಚಿನಲ್ಲಿ ಅದು ಇಮ್ಮಡಿಯಾಗಿ 160ಕ್ಕೆ ಏರುತ್ತದೆ. ಕಲ್ಲಿನ ಶಕ್ತಿ 140. ಈಗ ಒಂದೂ ಬಿರುಕಿಲ್ಲದ ಕಲ್ಲೇ ಅಪಾಯ.

ಇದು ಬರೀ ಲೆಕ್ಕವಲ್ಲ, ಕೋಲಾರದ ಚಿನ್ನದ ಗಣಿಯ ಕಥೆ. ಅಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ತೆಳುವಾದ, ಕಡಿದಾಗಿ ಇಳಿಯುವ ಎಳೆಗಳಲ್ಲಿ. ಸುತ್ತಲಿನದು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯ ಲಾವಾ, ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಕಪ್ಪಾಗಿ ಗಟ್ಟಿಯಾದದ್ದು. ಜಾನ್ ಟೇಲರ್ ಕಂಪನಿ 1880ರಲ್ಲಿ ಕೆಲಸ ಶುರು ಮಾಡಿದ ಮೇಲೆ ಎಳೆಯ ಬೆನ್ನುಹತ್ತಿ ಇಳಿಯುತ್ತ ಇಳಿಯುತ್ತ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ ಮುಟ್ಟಿತು. ಬಾಹ್ಯಾಕಾಶದ ಕಿರಣಗಳೂ ಅಷ್ಟಾಗಿ ತಲುಪದ ಆ ಆಳದ ಮೌನ ಎಷ್ಟು ಅಪರೂಪದ್ದೆಂದರೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳನ್ನು 1965ರಲ್ಲಿ ಮೊದಲು ಗುರುತಿಸಿದ ಪ್ರಯೋಗಗಳಲ್ಲೊಂದು ನಡೆದದ್ದು ಅಲ್ಲೇ.

ಕಲ್ಲು ಮಾತ್ರ ಮೌನವಾಗಿರಲಿಲ್ಲ. ಕಿರ್ಶ್ ತನ್ನ ಸಮೀಕರಣ ಪ್ರಕಟಿಸಿದ ಅದೇ 1898ರಲ್ಲಿ ಉರಿಗಾಂ ಗಣಿಯಲ್ಲಿ ಮೊದಲ ಬಂಡೆಸಿಡಿತ ದಾಖಲಾಯಿತು. ಆಗ ಆಳ ಇನ್ನೂ ಕೆಲವು ನೂರು ಮೀಟರ್ ಮಾತ್ರ. ಏನಾಗುತ್ತಿದೆ ಎಂದು ತಿಳಿಯದೆ ಅದನ್ನು ‘ಏರ್ ಬ್ಲಾಸ್ಟ್’ ಎಂದು ಕರೆದರು. ನುಗ್ಗಿ ಬರುತ್ತಿದ್ದ ಗಾಳಿ ಪರಿಣಾಮವಷ್ಟೇ. ಕಾರಣ ಕಲ್ಲಿನಲ್ಲಿ ಕೂಡಿಟ್ಟಿದ್ದ ಶಕ್ತಿ. ಮೆದು ಕಲ್ಲು ಒತ್ತಡ ಬಿದ್ದಾಗ ನಿಧಾನವಾಗಿ ಬಾಗಿ, ಬಿರಿದು, ಹಿಂಡಿಕೊಂಡು ಹೊರೆ ಕಳೆದುಕೊಳ್ಳುತ್ತದೆ. ಗಟ್ಟಿ ಕಲ್ಲು ಕೊನೆಯ ಕ್ಷಣದವರೆಗೂ ಎಲ್ಲವನ್ನೂ ಒಳಗಿಟ್ಟುಕೊಂಡು ಒಮ್ಮೆಲೇ ಸಿಡಿಯುತ್ತದೆ. ನಿಮ್ಮ 120 ಮೀಟರಿನಲ್ಲಿ ಯಾವ ಗಟ್ಟಿತನ ಕಾಪಾಡುತ್ತದೋ ಅದೇ ಗಟ್ಟಿತನ ಅಲ್ಲಿ ಅನೇಕ ಕಾರ್ಮಿಕರ ಜೀವಕ್ಕೆ ಎರವಾಯಿತು.

ಆದರೆ ಆಳ ಒಂದೇ ಇದ್ದ ಕಡೆಯೆಲ್ಲ ಸಿಡಿತ ಒಂದೇ ರೀತಿ ಆಗಲಿಲ್ಲ, ಮತ್ತೆ ಭೂವಿಜ್ಞಾನ ಬೇಕಾಗುವುದು ಇಲ್ಲಿ. ಕೆಲಸ ಸ್ತರಭಂಗದ (ಶಿಲೆ ಮುರಿದು ಸರಿದ ಜಾಗದ) ಹತ್ತಿರ ಬಂದಾಗ, ಡಾಲರೈಟ್ ಒಡ್ಡುಗಳ (ಬಿರುಕಿಗೆ ನುಗ್ಗಿ ಗಟ್ಟಿಯಾದ ಕಪ್ಪು ಶಿಲೆಯ ಗೋಡೆಗಳ) ಹತ್ತಿರ ಬಂದಾಗ, ಎಳೆ ಮಡಿಚಿಕೊಂಡ ಜಾಗಗಳಲ್ಲಿ, ಎರಡು ಬದಿಯಿಂದ ಕೊರೆದು ನಡುವೆ ಉಳಿದ ಸಣ್ಣ ಕಂಬಗಳಲ್ಲಿ ಸಿಡಿತ ಹೆಚ್ಚು. ಇದನ್ನು ಅರಿತ ಮೇಲೆ ಕೆಲಸದ ಕ್ರಮವೇ ಬದಲಾಯಿತು. ಒಡ್ಡಿನ ಕಡೆಗೆ ಕೊರೆಯುತ್ತ ಹೋಗುವ ಬದಲು ಒಡ್ಡಿನಿಂದ ದೂರಕ್ಕೆ ಕೊರೆಯುವುದು, ನಡುವೆ ಕಂಬ ಉಳಿಯದಂತೆ ನೋಡಿಕೊಳ್ಳುವುದು, ಖಾಲಿಯಾದ ಜಾಗವನ್ನು ಮರದ ಬದಲು ಗ್ರಾನೈಟ್ ಕಲ್ಲಿನ ಕಟ್ಟಡದಿಂದ, ಆಮೇಲೆ ಕಾಂಕ್ರೀಟಿನಿಂದ ತುಂಬುವುದು. ಎಲ್ಲಿ ತಿರುಗಬೇಕು ಎಂದು ನಕ್ಷೆ ಹೇಳಿತು. ಯಾಕೆ ತಿರುಗಬೇಕು, ಎಷ್ಟು ತುಂಬಬೇಕು ಎಂದು ಒತ್ತಡದ ಲೆಕ್ಕ ಹೇಳಿತು. ದೇಶದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಕೆಜಿಎಫ್‌ನಲ್ಲೇ ಎಂಬುದು ಆಕಸ್ಮಿಕವಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಒಳಗೆ ನೀರು ತುಂಬತೊಡಗಿತು. ಕಂಪನಗಳು ಆಗಲೂ ನಿಲ್ಲಲಿಲ್ಲ. ಬಿರುಕಿನೊಳಗೆ ನೀರಿನ ಒತ್ತಡ ಏರಿದರೆ ಎರಡು ಮುಖಗಳನ್ನು ಅದುಮಿ ಹಿಡಿದಿದ್ದ ಬಲ ಅಷ್ಟು ಕಡಿಮೆಯಾಗುತ್ತದೆ.

ನೀರು ಮತ್ತು ಬಿರುಕು ಎಂದಾಗಲೆಲ್ಲ ನನಗೆ ಇಟಲಿಯ ವಾಯೊಂಟ್ ನೆನಪಾಗುತ್ತದೆ. ಅಲ್ಲಿ 262 ಮೀಟರ್ ಎತ್ತರದ ಕಮಾನು ಅಣೆಕಟ್ಟನ್ನು ವಿನ್ಯಾಸ ಮಾಡಿದವರು ಕಾರ್ಲೊ ಸೆಮೆಂಜಾ. ಜಲಾಶಯದ ಪಕ್ಕದ ಬೆಟ್ಟದ ಇಳಿಜಾರು ಎಂದೋ ಜಾರಿ ನಿಂತಿರುವ ಬೃಹತ್ ರಾಶಿ, ಮತ್ತೆ ಜಾರಬಹುದು ಎಂದು 1960ರಲ್ಲಿ ಗುರುತಿಸಿದವರಲ್ಲಿ ಅವರ ಮಗ, ಭೂವಿಜ್ಞಾನಿ ಎಡೋಆರ್ಡೊ ಸೆಮೆಂಜಾ ಒಬ್ಬರು. ನೀರಿನ ಮಟ್ಟವನ್ನು ನಿಧಾನವಾಗಿ ಏರಿಸಿ ಇಳಿಸಿ ಜಾರುವಿಕೆಯನ್ನು ಹತೋಟಿಯಲ್ಲಿಡಬಹುದು ಎಂದು ಎಂಜಿನಿಯರುಗಳು ನಂಬಿದರು. 1963ರ ಅಕ್ಟೋಬರ್ 9ರ ರಾತ್ರಿ ಸುಮಾರು 27 ಕೋಟಿ ಘನ ಮೀಟರ್ ಬೆಟ್ಟ ಜಲಾಶಯಕ್ಕೆ ಬಿತ್ತು. ಎದ್ದ ಅಲೆ ಅಣೆಕಟ್ಟನ್ನು ಹಾರಿ ಕೆಳಗಿನ ಊರುಗಳನ್ನು ಅಳಿಸಿಹಾಕಿತು. ಸತ್ತವರು ಹತ್ತಿರ ಹತ್ತಿರ ಎರಡು ಸಾವಿರ. ಅಣೆಕಟ್ಟು ಮಾತ್ರ ಇಂದಿಗೂ ನಿಂತಿದೆ. ಕಾಂಕ್ರೀಟಿನ ಲೆಕ್ಕ ಅಷ್ಟು ಸರಿಯಾಗಿತ್ತು. ಸುಣ್ಣಕಲ್ಲಿನ ಪದರಗಳ ನಡುವೆ ಕೆಲವೇ ಸೆಂಟಿಮೀಟರ್ ದಪ್ಪದ ಜೇಡಿಮಣ್ಣಿನ ಎಳೆಗಳಿದ್ದವು ಎಂಬುದನ್ನು ನಂತರದ ಅಧ್ಯಯನಗಳು ದೃಢಪಡಿಸಿದವು. ಬೆರಳಗಲದ ಮಣ್ಣು, ಅದರ ಮೇಲೆ ಒಂದು ಬೆಟ್ಟ.

ಬೆಂಗಳೂರಿನಲ್ಲಿ ಮೆಟ್ರೊ ಸುರಂಗ ಕೊರೆದವರು ಎದುರಿಸಿದ್ದು ಇನ್ನೊಂದು ಬಗೆಯ ನೆಲ. ಇಲ್ಲಿನ ನೈಸ್ ಬಿರುಕುಗಳ ಗುಂಟ ಕೊಳೆಯುತ್ತದೆ. ಬಿರುಕಿನ ಹತ್ತಿರದ್ದು ಮಣ್ಣಾಗುತ್ತದೆ, ನಡುವಿನದು ಗುಂಡುಕಲ್ಲಾಗಿ ಉಳಿಯುತ್ತದೆ. ಹಾಗಾಗಿ ಒಂದೇ ಸುರಂಗದ ಮುಖದಲ್ಲಿ ಕೆಳಗೆ ಗಟ್ಟಿ ಬಂಡೆ, ಮೇಲೆ ಮೆತ್ತನೆಯ ಮಣ್ಣು, ನಡುವೆ ದೊಡ್ಡ ಗುಂಡುಕಲ್ಲು ಎಲ್ಲವೂ ಸಿಗಬಹುದು. ಟಿಬಿಎಂ, ಎಂದರೆ ಸುರಂಗ ಕೊರೆಯುವ ಯಂತ್ರ, ಕೆಳಗಿನ ಬಂಡೆಯನ್ನು ಅರೆಯುವಷ್ಟರಲ್ಲಿ ಮೇಲಿನ ಮಣ್ಣು ಬೇಕಾದ್ದಕ್ಕಿಂತ ಹೆಚ್ಚು ಒಳಗೆ ಬಂದು, ರಸ್ತೆಯ ಕೆಳಗೆ ಟೊಳ್ಳಾಗುತ್ತದೆ. ಬಂಡೆಯ ಶಕ್ತಿ, ಮಣ್ಣಿನ ಶಕ್ತಿ ಎರಡರ ಸರಾಸರಿ ತೆಗೆದರೆ ಸಿಗುವುದು ಎಲ್ಲೂ ಇಲ್ಲದ ಒಂದು ನೆಲ.

ಈಗ ಸಾಫ್ಟ್‌ವೇರ್ ಪ್ರಶ್ನೆ. ನಾನು ಅದನ್ನು ದಿನವೂ ಬಳಸುತ್ತೇನೆ, ಅದಿಲ್ಲದೆ ಇಂದು ದೊಡ್ಡ ಭೂಗತ ಕಟ್ಟಡ ಕಟ್ಟಲಾಗದು. ಆದರೆ ಅದಕ್ಕೆ ಉಣಿಸುವ ಅಂಕಿಗಳು ಎಲ್ಲಿಂದ ಬರುತ್ತವೆ ನೋಡಿ. ಕಲ್ಲಿನ ಗುಣಮಟ್ಟವನ್ನು ಅಂಕಿಯಲ್ಲಿ ಹೇಳುವ, ಸುರಂಗಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಕ್ಯೂ ಪದ್ಧತಿಯನ್ನು 1974ರಲ್ಲಿ ನಾರ್ವೆಯಲ್ಲಿ ಬಾರ್ಟನ್ ಮತ್ತು ಸಂಗಡಿಗರು ರೂಪಿಸಿದರು. ಅದರಲ್ಲಿ ಆರು ಅಂಕಿಗಳು: ಆರ್‌ಕ್ಯೂಡಿ, ಬಿರುಕುಗಳ ಗುಂಪು ಎಷ್ಟು, ಅವುಗಳ ಮುಖ ಎಷ್ಟು ಒರಟು, ಒಳಗೆ ತುಂಬಿರುವುದು ಏನು, ನೀರು ಎಷ್ಟು, ಒತ್ತಡದ ಸ್ಥಿತಿ ಹೇಗಿದೆ. ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಕಲ್ಲಿನ ಮುಂದೆ ನಿಂತು ಕಣ್ಣಿನಿಂದ, ಬೆರಳಿನಿಂದ ತಿಳಿಯುವಂಥವು. ಬಿರುಕಿನೊಳಗೆ ಬೆರಳಾಡಿಸಿದಾಗ ಬೆಣಚಿನ ಒರಟು ತಾಗಿತೋ, ಸೋಪಿನಂತೆ ಜಾರುವ ಜೇಡಿ ತಾಗಿತೋ ಎಂಬುದರ ಮೇಲೆ ಉತ್ತರ ಹತ್ತಾರು ಪಟ್ಟು ಬದಲಾಗುತ್ತದೆ. ಪರದೆಯ ಮೇಲೆ ಮೂಡುವ ಬಣ್ಣದ ಚಿತ್ರ ಎರಡೂ ಸಲ ಅಷ್ಟೇ ಅಚ್ಚುಕಟ್ಟಾಗಿರುತ್ತದೆ, ಅದೇ ನನ್ನ ಭಯ.

ಭೂವಿಜ್ಞಾನಿಗಳಿಗೂ ಒಂದು ಮಾತು ಹೇಳಬೇಕು, ಏಕೆಂದರೆ ತಪ್ಪು ಒಂದೇ ಕಡೆ ಇಲ್ಲ. ‘ಬಿರುಕುಗಳಿವೆ’ ಎಂದು ಬರೆದರೆ ಎಂಜಿನಿಯರಿಗೆ ಏನೂ ಹೇಳಿದಂತಾಗುವುದಿಲ್ಲ. ಯಾವ ದಿಕ್ಕಿಗೆ, ಎಷ್ಟು ಡಿಗ್ರಿ ವಾಲಿಕೆ, ಎಷ್ಟು ಅಂತರ, ಎಷ್ಟು ಉದ್ದ, ಒಳಗೆ ಏನು, ಸುರಂಗದ ದಿಕ್ಕಿಗೆ ಎಷ್ಟು ಓರೆ ಎಂದು ಬರೆಯಬೇಕು. ನಿಮ್ಮವರು ಮೊದಲೇ ಬರೆದುಕೊಟ್ಟ ವರದಿಯನ್ನು ತೆಗೆದು ನೋಡಿ. ಈ ವಿವರಗಳೆಲ್ಲ ಅದರಲ್ಲಿದ್ದು ವಿನ್ಯಾಸದವರು ಓದದೆ ಬಿಟ್ಟಿದ್ದರೆ ಅದು ಒಂದು ತಪ್ಪು. ಅದರಲ್ಲಿ ಕಲ್ಲಿನ ವಯಸ್ಸು, ಖನಿಜಗಳ ಪಟ್ಟಿ ಮಾತ್ರ ಇದ್ದರೆ ಅದು ಬೇರೆ ತಪ್ಪು. ನಾನು ಎರಡನ್ನೂ ಕಂಡಿದ್ದೇನೆ.

ನೀವು ನಾಳೆಯಿಂದ ಮಾಡಬಹುದಾದದ್ದು ಇದು. ಪ್ರತಿ ಸ್ಫೋಟದ ನಂತರ, ಶಾಟ್‌ಕ್ರೀಟ್ (ಸಿಂಪಡಿಸುವ ಕಾಂಕ್ರೀಟ್) ಕಲ್ಲನ್ನು ಮುಚ್ಚುವ ಮೊದಲು, ಸಡಿಲ ಕಲ್ಲು ಕೆಡವಿ ಸುರಕ್ಷಿತವೆಂದು ಹೇಳಿದ ಮೇಲೆ ನಿಮ್ಮ ಭೂವಿಜ್ಞಾನಿಗೆ ಅರ್ಧ ಗಂಟೆ ಬಿಡಿ, ನೀವೂ ಜೊತೆಗಿರಿ. ಅವರು ಹಿಡಿಯುವ ಕಾಂಪಾಸ್ ನೀವೂ ಹಿಡಿಯಿರಿ. ಆ ದಿನವೇ ಬಿರುಕುಗಳ ಮೂರು ದಿಕ್ಕುಗಳನ್ನೂ ಸುರಂಗದ ದಿಕ್ಕನ್ನೂ ಒಂದೇ ಹಾಳೆಯಲ್ಲಿ ಬರೆದು, ಯಾವ ತುಂಡು ಕಳಚಬಹುದು ಎಂದು ಕೈಯಲ್ಲಿ ಗೀಚಿ, ಅದನ್ನು ಹಿಡಿದುಕೊಂಡು ವಿನ್ಯಾಸದವರ ಬಳಿ ಹೋಗಿ. ಅವರ ಬಳಿ ತುಂಡು ಕಳಚುವ ಲೆಕ್ಕ ಹಾಕುವ ಸಾಧನವೂ ಇರುತ್ತದೆ. ಅದಕ್ಕೆ ಬೇಕಾದದ್ದು ಈ ಹಾಳೆ. ಬಹುಶಃ ಬೋಲ್ಟುಗಳ ಸಂಖ್ಯೆಯೇನೂ ತುಂಬಾ ಹೆಚ್ಚುವುದಿಲ್ಲ, ಅವುಗಳ ಓರೆ ಬದಲಾಗುತ್ತದೆ.

ಕೊರೆಬಾವಿಗಳ ಪೆಟ್ಟಿಗೆಗಳು ಇನ್ನೂ ಶೆಡ್‌ನಲ್ಲಿ ಇರಬೇಕು. ಸುರಂಗ ಮುಂದೆ ತಲುಪಲಿರುವ ಇನ್ನೂರು ಮೀಟರಿನ ಪೆಟ್ಟಿಗೆಗಳನ್ನು ಮೊದಲು ತೆರೆಯಿರಿ. ಮರದ ತುಂಡುಗಳು ಯಾವ ಮಟ್ಟದಲ್ಲಿವೆ ಎಂದು ಗುರುತು ಹಾಕಿಕೊಳ್ಳಿ.